ವಹಿವಾಟಿನ ದಾಖಲೆಗಳಿಂದ ಆಂತರಿಕ ವಲಸೆಯನ್ನೂ ಖರ್ಚಿನ ರೂಢಿಯನ್ನೂ ಓದುವ ಬಗೆ

ಡೆಬಿಟ್ ಕಾರ್ಡಿನ ಒಂದು ವಹಿವಾಟು ದತ್ತಾಂಶದಲ್ಲಿ ಒಂದು ಸಾಲಾಗಿ ಕುಳಿತಿರುತ್ತದೆ. ದಿನಾಂಕ, ವೇಳೆ, ಮೊತ್ತ, ಸ್ವೈಪ್ ಮಾಡಿದ ಯಂತ್ರದ ಸಂಖ್ಯೆ, ಅಂಗಡಿಯ ವರ್ಗವನ್ನು ಹೇಳುವ ನಾಲ್ಕು ಅಂಕಿಯ ಸಂಕೇತ, ಅಂಗಡಿಯ ಹೆಸರು, ಊರು ಇವೆಲ್ಲವೂ ಅದರಲ್ಲಿ ಇರುತ್ತವೆ; ಖಾತೆದಾರರು ಎಲ್ಲಿ ವಾಸವಾಗಿದ್ದಾರೆ ಎಂಬುದೊಂದು ಮಾತ್ರ ಇರುವುದಿಲ್ಲ. ಬ್ಯಾಂಕಿನ ಕಡತದಲ್ಲಿ ವಿಳಾಸ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದು ಬಹುಮಟ್ಟಿಗೆ ಖಾತೆ ತೆರೆದ ದಿನದ ವಿಳಾಸ. ಊರು ಬದಲಿಸಿದವರು ಹೊಸ ಮನೆಯಲ್ಲಿ ಮಾಡುವ ಮೊದಲ ಹತ್ತು ಕೆಲಸಗಳಲ್ಲಿ ಬ್ಯಾಂಕಿಗೆ ವಿಳಾಸ ತಿಳಿಸುವುದು ಸೇರಿರುವುದು ಅಪರೂಪ. ಹೀಗಾಗಿ ಈ ದತ್ತಾಂಶದಲ್ಲಿ ವಲಸೆಯನ್ನು ನೇರವಾಗಿ ಓದಿಕೊಳ್ಳಲು ಬರುವುದಿಲ್ಲ, ಅನುಮಾನಿಸಿ, ಅಂದರೆ ಸುಳಿವುಗಳಿಂದ ಊಹಿಸಿ, ತೆಗೆಯಬೇಕಾಗುತ್ತದೆ. ಹಾಗೆ ತೆಗೆಯುವ ಕ್ರಮವನ್ನೂ, ತೆಗೆದ ಮೇಲೆ ಊರು ಬಿಟ್ಟವರ ಖರ್ಚಿನಲ್ಲಿ ಆದ ಬದಲಾವಣೆಯನ್ನು ಅಳೆಯುವ ಕ್ರಮವನ್ನೂ ಈ ಬರಹದಲ್ಲಿ ವಿವರಿಸಿದ್ದೇನೆ.

ಪ್ರಶ್ನೆ ಮತ್ತು ವ್ಯಾಖ್ಯೆ

ಜನಗಣತಿ ಮತ್ತು ಸಮೀಕ್ಷೆಗಳು ವಲಸೆಯ ಎರಡು ತುದಿಗಳನ್ನು ಮಾತ್ರ ನೋಡುತ್ತವೆ: ಹುಟ್ಟಿದ ಅಥವಾ ಹಿಂದೆ ಇದ್ದ ಊರು ಒಂದು ತುದಿ, ಎಣಿಕೆಯ ದಿನ ಇರುವ ಊರು ಇನ್ನೊಂದು. ರಾವೆನ್‌ಸ್ಟೈನ್ ಎಂಬ ಭೂಗೋಳಶಾಸ್ತ್ರಜ್ಞರು 1885ರಲ್ಲಿ ವಲಸೆಯ ನಿಯಮಗಳನ್ನು ಮಂಡಿಸಿದಾಗ ಅವರ ಮುಂದೆ ಇದ್ದದ್ದು ಬ್ರಿಟನ್ನಿನ 1871 ಮತ್ತು 1881ರ ಜನಗಣತಿಯ ಹುಟ್ಟೂರಿನ ಕೋಷ್ಟಕಗಳು. ಬಹುಪಾಲು ವಲಸಿಗರು ಹತ್ತಿರದ ಊರಿಗೇ ಹೋಗುತ್ತಾರೆ, ದೊಡ್ಡ ನಗರ ಸೇರುವ ಚಲನೆ ಹಂತ ಹಂತವಾಗಿ ನಡೆಯುತ್ತದೆ, ಪ್ರತಿಯೊಂದು ಪ್ರವಾಹಕ್ಕೂ ಒಂದು ಎದುರು ಪ್ರವಾಹ ಇರುತ್ತದೆ ಎಂದು ಅವರು ಅವುಗಳಿಂದಲೇ ತರ್ಕಿಸಿದರು. ನಡುವಿನ ಹಂತಗಳನ್ನು ಆ ಕೋಷ್ಟಕಗಳು ತೋರಿಸುತ್ತಿರಲಿಲ್ಲ. ವಹಿವಾಟಿನ ದಾಖಲೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ: ಮೂರು ತಿಂಗಳು ಒಂದು ಊರಿನಲ್ಲಿದ್ದು, ಮತ್ತೊಂದಕ್ಕೆ ಹೋಗಿ, ಮರಳಿ ಬಂದವರ ಜಾಡು ಇದರಲ್ಲಿ ಉಳಿದಿರುತ್ತದೆ. ರುವಾಂಡಾದ ಮೊಬೈಲ್ ಕರೆಗಳ ದಾಖಲೆಯನ್ನು ಬಳಸಿ ಜೋಶುವಾ ಬ್ಲೂಮೆನ್‌ಸ್ಟಾಕ್ 2012ರಲ್ಲಿ ಪ್ರಕಟಿಸಿದ ಅಧ್ಯಯನ, ಸಾಮಾನ್ಯ ಸಮೀಕ್ಷೆಗಳ ಬಲೆಗೆ ಬೀಳದ ಅಲ್ಪಾವಧಿಯ ಮತ್ತು ಹೋಗಿಬರುವ ವಲಸೆಯನ್ನು ಇಂತಹದೇ ಅನುಮಾನದಿಂದ ಹೊರತೆಗೆಯಿತು. ಕರೆಯ ದಾಖಲೆಗೆ ಇಲ್ಲದ ಒಂದು ಅನುಕೂಲ ವಹಿವಾಟಿನ ದಾಖಲೆಗೆ ಇದೆ. ಅದು ವ್ಯಕ್ತಿ ಎಲ್ಲಿದ್ದರು ಎಂಬುದರ ಜೊತೆಗೆ ಅಲ್ಲಿ ಏನಕ್ಕೆ ಎಷ್ಟು ಖರ್ಚು ಮಾಡಿದರು ಎಂಬುದನ್ನೂ ಹೇಳುತ್ತದೆ.

ಆದ್ದರಿಂದ ದತ್ತಾಂಶವನ್ನು ತೆರೆಯುವುದಕ್ಕೆ ಮೊದಲೇ 'ವಲಸೆ' ಎಂದರೆ ಏನೆಂದು ಬರೆದಿಟ್ಟುಕೊಳ್ಳಬೇಕು. ದೇಶದಿಂದ ದೇಶಕ್ಕೆ ಹೋಗುವವರ ವಿಷಯದಲ್ಲಿ ವಿಶ್ವಸಂಸ್ಥೆಯ 1998ರ ಶಿಫಾರಸು ಹನ್ನೆರಡು ತಿಂಗಳನ್ನು ದೀರ್ಘಾವಧಿಯ ಗೆರೆಯಾಗಿಯೂ, ಮೂರರಿಂದ ಹನ್ನೆರಡು ತಿಂಗಳನ್ನು ಅಲ್ಪಾವಧಿಯಾಗಿಯೂ ಇಟ್ಟಿತ್ತು. ದೇಶದೊಳಗಿನ ವಲಸೆಗೆ ಹಾಗೆ ಎಲ್ಲರೂ ಒಪ್ಪಿದ ಒಂದು ಗೆರೆ ಇಲ್ಲ. ಕೆಲವು ಗಣತಿಗಳು ಒಂದು ವರ್ಷದ ಹಿಂದೆ ಎಲ್ಲಿದ್ದಿರಿ ಎಂದು ಕೇಳಿದರೆ ಇನ್ನು ಕೆಲವು ಐದು ವರ್ಷದ ಹಿಂದಿನದನ್ನು ಕೇಳುತ್ತವೆ. ನಿಮ್ಮ ಗೆರೆ ಯಾವುದೇ ಇರಲಿ, ಎಷ್ಟು ದಿನ ಇದ್ದರೆ ವಾಸ, ಎಷ್ಟು ದೂರ ಹೋದರೆ ವಲಸೆ, ಯಾವ ಆಡಳಿತ ಘಟಕದ ಗಡಿ ದಾಟಿದರೆ ಲೆಕ್ಕಕ್ಕೆ ಬರುತ್ತದೆ ಎಂಬ ಮೂರನ್ನೂ ಮೊದಲೇ ನಿಶ್ಚಯಿಸಿ. ಫಲಿತಾಂಶ ನೋಡಿದ ಮೇಲೆ ಗೆರೆ ಎಳೆಯಲು ಕುಳಿತರೆ, ಮನಸ್ಸಿಗೆ ಹಿಡಿಸಿದ ಅಂಕಿ ಸಿಗುವ ಜಾಗದಲ್ಲೇ ಗೆರೆ ಬೀಳುತ್ತದೆ.

ದಾಖಲೆಯ ಒಳಗೆ ಏನಿದೆ

ಕಾರ್ಡ್ ವಹಿವಾಟಿನ ಸಂದೇಶಗಳು ಬಹುಮಟ್ಟಿಗೆ ಐಎಸ್‌ಒ 8583 ಎಂಬ ಮಾದರಿಯನ್ನು ಅನುಸರಿಸುತ್ತವೆ. ಅಂಗಡಿ ಮತ್ತು ಸ್ಥಳದ ಬಗ್ಗೆ ನಮಗೆ ಬೇಕಾದ ಕ್ಷೇತ್ರಗಳು ಅದರಲ್ಲಿ ನಾಲ್ಕೇ ನಾಲ್ಕು. 18ನೆಯದು ವ್ಯಾಪಾರಿ ವರ್ಗದ ಸಂಕೇತ, ಅಂದರೆ ಎಂಸಿಸಿ. ದಿನಸಿ ಮತ್ತು ಸೂಪರ್‌ಮಾರ್ಕೆಟ್ಟಿಗೆ 5411, ಔಷಧದಂಗಡಿಗೆ 5912, ಪೆಟ್ರೋಲ್ ಬಂಕಿಗೆ 5541, ಎಟಿಎಂನಿಂದ ತೆಗೆದ ನಗದಿಗೆ 6011. 41ನೆಯದು ಯಂತ್ರದ ಎಂಟು ಅಕ್ಷರಗಳ ಗುರುತು, 42ನೆಯದು ವ್ಯಾಪಾರಿಯ ಹದಿನೈದು ಅಕ್ಷರಗಳ ಗುರುತು. 43ನೆಯದು ಅಂಗಡಿಯ ಹೆಸರು ಮತ್ತು ಸ್ಥಳ. ಇದಕ್ಕೆ ಒಟ್ಟು ನಲವತ್ತು ಅಕ್ಷರಗಳಷ್ಟೇ ಜಾಗ. ಆ ನಲವತ್ತರಲ್ಲಿ ಊರಿನ ಹೆಸರು ಅರ್ಧಕ್ಕೆ ಕತ್ತರಿಸಿಹೋಗಿರುತ್ತದೆ, ಒಂದೇ ಊರು ಐದಾರು ಕಾಗುಣಿತದಲ್ಲಿ ಬರುತ್ತದೆ, ಕೆಲವೊಮ್ಮೆ ಊರಿನ ಜಾಗದಲ್ಲಿ ಗ್ರಾಹಕ ಸೇವೆಯ ದೂರವಾಣಿ ಸಂಖ್ಯೆ ಕುಳಿತಿರುತ್ತದೆ. ಊರಿನ ಹೆಸರುಗಳ ಅಧಿಕೃತ ಪಟ್ಟಿಯೊಂದನ್ನು ಎದುರಿಗಿಟ್ಟುಕೊಂಡು, ಹೆಚ್ಚು ಬಾರಿ ಬರುವ ಕಾಗುಣಿತಗಳನ್ನು ಕೈಯಾರೆ ಹೊಂದಿಸಿ, ಉಳಿದವನ್ನು ಅಕ್ಷರ ಸಾಮ್ಯದ ಲೆಕ್ಕಕ್ಕೆ ಬಿಡುವುದು ಒಳ್ಳೆಯ ದಾರಿ. ಬೇಸರದ ಕೆಲಸ, ಆದರೆ ಇದನ್ನು ಬೇರೆಯವರಿಗೆ ವಹಿಸಿದ ಅಧ್ಯಯನಕಾರರಿಗೆ ತಮ್ಮ ದತ್ತಾಂಶದ ಪರಿಚಯವೇ ಆಗುವುದಿಲ್ಲ ಎಂಬುದು ನನ್ನ ಅನುಭವ.

ಸ್ಥಳದ ಕ್ಷೇತ್ರ ಶುದ್ಧವಾಗಿ ಕಂಡಾಗಲೂ ಅದು ಸುಳ್ಳು ಹೇಳುತ್ತಿರಬಹುದು. ಒಮ್ಮೆ ನಾನು ನೋಡುತ್ತಿದ್ದ ಒಂದು ದತ್ತಾಂಶದಲ್ಲಿ, ಒಂದೇ ತಿಂಗಳಲ್ಲಿ ಬೇರೆ ಬೇರೆ ಕಡೆಯ ಸಾವಿರಾರು ಖಾತೆಗಳು ಒಂದೇ ನಗರಕ್ಕೆ ಸ್ಥಳಾಂತರಗೊಂಡಂತೆ ಕಂಡಿತು. ಎರಡು ದಿನ ಅದಕ್ಕೆ ಆರ್ಥಿಕ ಕಾರಣ ಹುಡುಕಿದೆ. ಕಾರಣವೂ ಸಿಗುವಂತೆಯೇ ಇತ್ತು. ಕೊನೆಗೆ ಯಂತ್ರದ ಗುರುತುಗಳನ್ನು ತೆಗೆದು ನೋಡಿದಾಗ ಗೊತ್ತಾದದ್ದೇನೆಂದರೆ, ಒಂದು ಅಂಗಡಿ ಸರಣಿ ತನ್ನ ಪಾವತಿ ಸೇವೆಯನ್ನು ಬದಲಿಸಿತ್ತು, ಹೊಸ ಸೇವೆಯವರು ಅದರ ಎಲ್ಲ ಯಂತ್ರಗಳನ್ನೂ ಸರಣಿಯ ಪ್ರಧಾನ ಕಚೇರಿಯ ವಿಳಾಸದಲ್ಲಿ ನೋಂದಾಯಿಸಿದ್ದರು. ಜನ ಕದಲಿರಲಿಲ್ಲ, ಯಂತ್ರಗಳ ವಿಳಾಸ ಕದಲಿತ್ತು. ಅಂದಿನಿಂದ ನಾನು ಪಾಲಿಸುತ್ತ ಬಂದಿರುವ ಪರೀಕ್ಷೆ ಸರಳವಾದದ್ದು: ಪ್ರತಿ ಯಂತ್ರದಲ್ಲಿ ಕಾರ್ಡ್ ಬಳಸಿದವರು ಅದೇ ದಿನ ಬೇರೆ ಯಂತ್ರಗಳಲ್ಲಿ ಎಲ್ಲೆಲ್ಲಿ ಬಳಸಿದ್ದಾರೆ ಎಂದು ನೋಡಿ, ಬಹುಪಾಲು ಜನ ಅದೇ ದಿನ ನೂರಾರು ಕಿಲೋಮೀಟರ್ ಆಚೆ ಕಾಣಿಸಿಕೊಂಡಿದ್ದರೆ ಆ ಯಂತ್ರದ ವಿಳಾಸವನ್ನು ನಂಬುವುದಿಲ್ಲ.

ಇನ್ನುಳಿದ ಶುದ್ಧೀಕರಣದ ಕೆಲಸ ಹೆಚ್ಚು ವಿವರಣೆ ಬೇಡುವುದಿಲ್ಲ. ರದ್ದಾದ ಮತ್ತು ಮರುಪಾವತಿಯಾದ ವಹಿವಾಟುಗಳನ್ನು ಮೂಲ ವಹಿವಾಟಿನ ಜೊತೆ ಜೋಡಿಸಿ ತೆಗೆಯಬೇಕು. ಖಾತೆಗೆ ಹಣ ಕಡಿತವಾದ ದಿನಾಂಕದ ಬದಲು ಸ್ವೈಪ್ ಮಾಡಿದ ದಿನಾಂಕವನ್ನೇ ಹಿಡಿಯಬೇಕು. ಒಬ್ಬರದೇ ಎರಡು ಖಾತೆಗಳ ನಡುವಿನ ವರ್ಗಾವಣೆಯನ್ನು ಖರ್ಚೆಂದು ಎಣಿಸಬಾರದು. ಕ್ರೆಡಿಟ್ ಕಾರ್ಡಿನ ಖರೀದಿಗಳನ್ನು ಎಣಿಸಿದ್ದರೆ ತಿಂಗಳ ಕೊನೆಗೆ ಅದರ ಬಿಲ್ ಕಟ್ಟಿದ್ದನ್ನು ಮತ್ತೆ ಎಣಿಸಬಾರದು.

ಯಾರ ಖಾತೆಗಳನ್ನು ಇಟ್ಟುಕೊಳ್ಳಬೇಕು ಎಂಬುದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ತಿಂಗಳಿಗೆ ಎರಡೇ ವಹಿವಾಟು ಇರುವ ಖಾತೆಯಿಂದ ವಾಸಸ್ಥಳ ತಿಳಿಯುವುದಿಲ್ಲವಾದ್ದರಿಂದ ಕನಿಷ್ಠ ಚಟುವಟಿಕೆಯ ಮಿತಿಯೊಂದು ಬೇಕು. ಆದರೆ ಇಡೀ ಅವಧಿಯುದ್ದಕ್ಕೂ ಪ್ರತಿ ತಿಂಗಳೂ ಚುರುಕಾಗಿದ್ದ ಖಾತೆಗಳನ್ನು ಮಾತ್ರ ಉಳಿಸಿಕೊಂಡರೆ, ಊರು ಬಿಟ್ಟ ಮೇಲೆ ಕೆಲಸ ಸಿಗದೆ ಖಾತೆ ತಣ್ಣಗಾದವರು, ಹೊಸ ಊರಿನಲ್ಲಿ ಬೇರೆ ಬ್ಯಾಂಕಿಗೆ ಹೋದವರು ತಾವಾಗಿಯೇ ಹೊರಬೀಳುತ್ತಾರೆ. ಅಧ್ಯಯನದಲ್ಲಿ ಉಳಿಯುವುದು ಸುಗಮವಾಗಿ ನೆಲೆ ನಿಂತ ವಲಸಿಗರು ಮಾತ್ರ. ಆದ ಕಾರಣ ಮಿತಿಯನ್ನು ವಲಸೆಗೆ ಮುಂಚಿನ ತಿಂಗಳುಗಳಿಗೆ ಅನ್ವಯಿಸಿ, ನಂತರ ಮೌನವಾದ ಖಾತೆಗಳು ಎಷ್ಟು ಎಂಬುದನ್ನು ಬೇರೆಯಾಗಿ ಎಣಿಸಿ ವರದಿಯಲ್ಲಿ ಕೊಡಬೇಕು. ಒಂದೇ ಖಾತೆಯ ಕಾರ್ಡುಗಳನ್ನು ಇಬ್ಬರು ಎರಡು ಊರುಗಳಲ್ಲಿ ಬಳಸುತ್ತಿದ್ದರೆ ಅದು ತಕ್ಷಣ ಗೊತ್ತಾಗುತ್ತದೆ: ಒಂದು ಗಂಟೆಯ ಅಂತರದಲ್ಲಿ ಮುನ್ನೂರು ಕಿಲೋಮೀಟರ್ ದಾಟಿದ ಖಾತೆ ಒಬ್ಬರದಲ್ಲ. ಇಂತಹವನ್ನು ಕಾರ್ಡುವಾರು ಬೇರ್ಪಡಿಸಿ, ಸಾಧ್ಯವಾಗದಿದ್ದರೆ ಬಿಟ್ಟುಬಿಡಿ.

ವಾಸಸ್ಥಳವನ್ನು ಗುರುತಿಸುವುದು

ಹೊಸಬರು ಮಾಡುವ ತಪ್ಪು ಬಹುತೇಕ ಒಂದೇ: ಹಣ ಎಲ್ಲಿ ಹೆಚ್ಚು ಖರ್ಚಾಯಿತೋ ಅದನ್ನೇ ವಾಸದ ಊರೆಂದು ತಿಳಿಯುತ್ತಾರೆ. ಮನುಷ್ಯರು ದೊಡ್ಡ ಮೊತ್ತವನ್ನು ದೂರ ಹೋಗಿ ಖರ್ಚು ಮಾಡುತ್ತಾರೆ. ಆಸ್ಪತ್ರೆ, ಕಾಲೇಜಿನ ಶುಲ್ಕ, ಪ್ರವಾಸ, ವಾಹನ ಖರೀದಿ ಇವು ಯಾವುವೂ ಮನೆಯ ಪಕ್ಕದಲ್ಲಿ ಆಗಬೇಕಾಗಿಲ್ಲ. ಮನೆಯನ್ನು ತೋರಿಸಿಕೊಡುವುದು ಸಣ್ಣ ಮೊತ್ತದ, ಮತ್ತೆ ಮತ್ತೆ ಬರುವ, ಯಾರೂ ನೆನಪಿಟ್ಟುಕೊಳ್ಳದ ಖರ್ಚು. ಆದ್ದರಿಂದ ಖುದ್ದಾಗಿ ಹೋಗಿ ಮಾಡಿದ ವಹಿವಾಟುಗಳನ್ನು ಮಾತ್ರ ಆಯ್ದುಕೊಳ್ಳಿ. ಅವುಗಳಲ್ಲಿ ದಿನಸಿ, ಔಷಧ, ಇಂಧನ, ಎಟಿಎಂ ಇವನ್ನು ಇಟ್ಟುಕೊಂಡು, ವಸತಿಗೃಹ, ರೈಲು, ವಿಮಾನ ಮುಂತಾದ ಪ್ರಯಾಣದ ವರ್ಗಗಳನ್ನು ತೆಗೆದುಹಾಕಿ. ವಸತಿಗೃಹದ 7011, ಪ್ರಯಾಣಿಕ ರೈಲಿನ 4112 ಈ ಗುಂಪಿನವು. ನಂತರ ಮೊತ್ತವನ್ನಾಗಲಿ ವಹಿವಾಟುಗಳ ಸಂಖ್ಯೆಯನ್ನಾಗಲಿ ಕೂಡದೆ, ಪ್ರತಿ ಆಡಳಿತ ಘಟಕದಲ್ಲಿ ಕಾಣಿಸಿಕೊಂಡ ಬೇರೆ ಬೇರೆ ದಿನಗಳನ್ನು ಎಣಿಸಿ. ಒಂದೇ ದಿನ ಸಂತೆಗೆ ಹೋಗಿ ಒಂಬತ್ತು ಕಡೆ ಪಾವತಿಸಿದರೂ ಅದು ಒಂದು ದಿನದ ಹಾಜರಿಯೇ ಹೊರತು ಒಂಬತ್ತಲ್ಲ.

ತಿಂಗಳೊಂದರಲ್ಲಿ ಹಾಜರಿಯ ದಿನಗಳ ಅರ್ಧಕ್ಕಿಂತ ಹೆಚ್ಚು ಪಾಲು ಯಾವ ಘಟಕದಲ್ಲಿದೆಯೋ ಅದು ಆ ತಿಂಗಳ ವಾಸಸ್ಥಳ. ಯಾವ ಘಟಕಕ್ಕೂ ಅರ್ಧ ದಾಟದಿದ್ದರೆ ಆ ತಿಂಗಳಿಗೆ ಯಾವುದೋ ಒಂದನ್ನು ಹಚ್ಚುವುದಕ್ಕಿಂತ 'ಅನಿಶ್ಚಿತ' ಎಂದು ಬಿಡುವುದು ಲೇಸು. ವಾರದ ದಿನಗಳಲ್ಲಿ ಒಂದು ಘಟಕ, ರಜಾದಿನಗಳಲ್ಲಿ ಇನ್ನೊಂದು ಘಟಕ ಎಂಬ ವಿನ್ಯಾಸ ಕಂಡರೆ ಅವರು ಕೆಲಸಕ್ಕೆ ಓಡಾಡುವವರು, ವಲಸಿಗರಲ್ಲ. ಇವರಿಗೆ ರಜಾದಿನದ ಮತ್ತು ಸಂಜೆಯ ವಹಿವಾಟುಗಳಿಗೆ ಹೆಚ್ಚು ತೂಕ ಕೊಡಬೇಕಾಗುತ್ತದೆ. ಘಟಕ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಉತ್ತರ: ಜಿಲ್ಲೆಯ ಮಟ್ಟದ್ದು ಸಾಮಾನ್ಯವಾಗಿ ಸಾಕು. ಬಡಾವಣೆಯ ಮಟ್ಟಕ್ಕೆ ಇಳಿದರೆ ಅನುಮಾನದ ತಪ್ಪೂ ಹೆಚ್ಚುತ್ತದೆ, ವ್ಯಕ್ತಿಯ ಗುರುತು ಬಯಲಾಗುವ ಅಪಾಯವೂ ಹೆಚ್ಚುತ್ತದೆ. ಘಟಕಗಳ ನಡುವಿನ ದೂರಕ್ಕೆ ಅವುಗಳ ಜನಸಂಖ್ಯೆಯ ಕೇಂದ್ರಬಿಂದುಗಳನ್ನು ಹಿಡಿದು, ಭೂಮಿಯ ತ್ರಿಜ್ಯವನ್ನು 6,371 ಕಿಲೋಮೀಟರ್ ಎಂದಿಟ್ಟುಕೊಂಡು, ಗೋಳದ ಮೇಲಿನ ಎರಡು ಬಿಂದುಗಳ ಅಂತರವನ್ನು ಕೊಡುವ ಹ್ಯಾವರ್‌ಸೈನ್ ಸೂತ್ರ ಬಳಸಿದರೆ ಆಯಿತು.

ಊರು ಬದಲಾದ ದಿನವನ್ನು ಹುಡುಕುವುದು

ಹದಿನೆಂಟು ತಿಂಗಳ ದಾಖಲೆಯಿರುವ ಒಂದು ಖಾತೆಯನ್ನು ಕಲ್ಪಿಸಿಕೊಂಡು ಹತ್ತಿರದಿಂದ ನೋಡೋಣ. ಮೊದಲ ಏಳು ತಿಂಗಳು ಈ ಖಾತೆದಾರರು 'ಅ' ಎಂಬ ಘಟಕದಲ್ಲಿ ತಿಂಗಳಿಗೆ ಹದಿನಾಲ್ಕರಿಂದ ಹದಿನೆಂಟು ದಿನ ಕಾಣಿಸಿಕೊಂಡಿದ್ದಾರೆ. ಎಂಟನೆಯ ತಿಂಗಳಲ್ಲಿ 'ಅ'ದಲ್ಲಿ ಆರು ದಿನ, 'ಬ'ದಲ್ಲಿ ಒಂಬತ್ತು ದಿನ, 'ಕ'ದಲ್ಲಿ ಎರಡು ದಿನ. ಮೊತ್ತದ ಪ್ರಕಾರ ಆ ತಿಂಗಳ ಅತಿ ದೊಡ್ಡ ಖರ್ಚು 'ಕ'ದಲ್ಲಾಗಿದೆ. ಸಂಕೇತ 8062, ಅಂದರೆ ಆಸ್ಪತ್ರೆ. ಅದೇ ತಿಂಗಳು 4214 ಎಂಬ ಸಂಕೇತದ ಒಂದು ವಹಿವಾಟಿದೆ. ಅದು ಸರಕು ಸಾಗಣೆಯದು, ಮನೆ ಸಾಮಾನು ಸಾಗಿಸುವವರೂ ಅದರಲ್ಲೇ ಬರುತ್ತಾರೆ. ಒಂಬತ್ತನೆಯ ತಿಂಗಳಿಂದ 'ಬ'ದಲ್ಲಿ ಹದಿನೈದು ದಿನಗಳ ಆಸುಪಾಸು, 'ಅ'ದಲ್ಲಿ ಒಂದೂ ಇಲ್ಲ. ಹನ್ನೆರಡನೆಯ ತಿಂಗಳಲ್ಲಿ 'ಅ' ಮತ್ತೆ ಐದು ದಿನ ಕಾಣಿಸುತ್ತದೆ, ಆ ಐದೂ ಒಂದರ ಹಿಂದೊಂದು ಬಂದ ದಿನಗಳು. 'ಬ' ಹನ್ನೊಂದು ದಿನ. ಅಲ್ಲಿಂದ ಕೊನೆಯವರೆಗೂ 'ಬ'.

ಮೊತ್ತದ ಲೆಕ್ಕ ಹಿಡಿದವರು ಈ ವ್ಯಕ್ತಿ 'ಅ'ದಿಂದ 'ಕ'ಕ್ಕೂ 'ಕ'ದಿಂದ 'ಬ'ಕ್ಕೂ ಹೋದರೆಂದು ಎರಡು ವಲಸೆಗಳನ್ನು ಎಣಿಸುತ್ತಾರೆ. ದಿನಗಳ ಲೆಕ್ಕದಲ್ಲಿ ವಲಸೆ ಒಂದೇ. ಅದು ನಡೆದ ದಿನವನ್ನು ಕಂಡುಹಿಡಿಯಲು ಅವಧಿಯ ಪ್ರತಿಯೊಂದು ದಿನವನ್ನೂ ಸಂಭಾವ್ಯ ಗಡಿಯೆಂದು ಭಾವಿಸಿ, ಆ ದಿನಕ್ಕೆ ಮುಂಚಿನ ಹಾಜರಿಯಲ್ಲಿ 'ಅ'ದ ಪಾಲನ್ನೂ ನಂತರದ ಹಾಜರಿಯಲ್ಲಿ 'ಬ'ದ ಪಾಲನ್ನೂ ಕೂಡಿಸಿ, ಕೂಡಿ ಬಂದ ಸಂಖ್ಯೆ ಗರಿಷ್ಠವಾಗುವ ದಿನವನ್ನು ಆಯ್ದುಕೊಳ್ಳಬೇಕು. ಈ ಖಾತೆಯಲ್ಲಿ ಆ ದಿನ ಎಂಟನೆಯ ತಿಂಗಳೊಳಗೇ ಬೀಳುತ್ತದೆ. ಹನ್ನೆರಡನೆಯ ತಿಂಗಳ ಐದು ದಿನಗಳು ಗಡಿಯನ್ನು ಅಲುಗಾಡಿಸುವುದಿಲ್ಲ, ಏಕೆಂದರೆ ಅವು ಭೇಟಿಯ ದಿನಗಳು. ಸಾಗಣೆಯ ವಹಿವಾಟನ್ನು ಅನುಮಾನಕ್ಕೆ ಬಳಸದೆ ಪರೀಕ್ಷೆಗೆ ಉಳಿಸಿಕೊಳ್ಳುವುದು ಜಾಣತನ: ನಾವು ಗುರುತಿಸಿದ ದಿನಗಳ ಆಸುಪಾಸಿನಲ್ಲಿ ಸಾಗಣೆ ವೆಚ್ಚ, ಪೀಠೋಪಕರಣ ಖರೀದಿ, ಹೊಸ ವಿದ್ಯುತ್ ಬಿಲ್ ಇಂತಹವು ಗುಂಪುಗೂಡಿದ್ದರೆ ವಿಧಾನ ಸರಿಯಾಗಿದೆ ಎಂಬ ಭರವಸೆ ಬರುತ್ತದೆ.

ಗಡಿ ಸಿಕ್ಕಿತೆಂದ ಮಾತ್ರಕ್ಕೆ ವಲಸೆ ಎಂದಾಗುವುದಿಲ್ಲ. ಗಡಿಯ ಎರಡೂ ಬದಿಯಲ್ಲಿ ಕನಿಷ್ಠ ಇಷ್ಟು ಕಾಲ ನೆಲೆ ನಿಂತಿರಬೇಕು ಎಂಬ ಷರತ್ತು ಬೇಕು. ತೊಂಬತ್ತು ದಿನಗಳಿಂದ ಆರಂಭಿಸಿ, ಅದೇ ಲೆಕ್ಕವನ್ನು ಅರವತ್ತು ಮತ್ತು ನೂರಿಪ್ಪತ್ತು ದಿನಗಳಿಗೂ ಮಾಡಿ ನೋಡಿ. ಮೂರರಲ್ಲೂ ವಲಸೆಯ ಒಟ್ಟು ಸಂಖ್ಯೆ ಬದಲಾಗುವುದು ಸಹಜ. ಯಾವ ಘಟಕದಿಂದ ಯಾವ ಘಟಕಕ್ಕೆ ಎಂಬ ಪ್ರವಾಹಗಳ ದೊಡ್ಡದು ಸಣ್ಣದೆಂಬ ಅನುಕ್ರಮ ತಲೆಕೆಳಗಾದರೆ ಮಾತ್ರ ಚಿಂತಿಸಬೇಕು. ಆಗ ನೀವು ನೋಡುತ್ತಿರುವುದು ಒಂದು ಬಗೆಯ ವಲಸೆಯಲ್ಲ, ಋತುಮಾನದ ಚಲನೆ ಮತ್ತು ನೆಲೆ ಬದಲಾವಣೆ ಎರಡೂ ಬೆರೆತದ್ದು. ಪ್ರತಿ ವರ್ಷ ಅದೇ ತಿಂಗಳುಗಳಲ್ಲಿ 'ಅ'ದಿಂದ ಹೋಗಿ ಅದೇ 'ಅ'ಕ್ಕೆ ಮರಳುವ ಖಾತೆಗಳನ್ನು ಬೇರೆಯ ಕೋಷ್ಟಕದಲ್ಲಿ ಇಡಿ. ಈ ವಿಂಗಡಣೆಗೆ ಕನಿಷ್ಠ ಎರಡು ವರ್ಷದ ದಾಖಲೆ ಬೇಕೇ ಬೇಕು.

ಪರಿಶೀಲನೆಗೆ ಎರಡು ಮೂಲಗಳಿವೆ. ಮೊದಲನೆಯದು ಬ್ಯಾಂಕಿನ ಕಡತ. ಅದರಲ್ಲಿ ವಿಳಾಸ ಬದಲಿಸಿದ ಖಾತೆಗಳು ಕಡಿಮೆ ಇರಬಹುದು, ಆದರೂ ಅವುಗಳಲ್ಲಿ ಎಷ್ಟನ್ನು ನಿಮ್ಮ ವಿಧಾನ ಹಿಡಿಯಿತು, ಹಿಡಿದದ್ದರಲ್ಲಿ ಊರು ಸರಿಯಾಗಿದೆಯೇ ಎಂದು ಎಣಿಸಬಹುದು. ವಿಳಾಸದ ದಿನಾಂಕ ತಡವಾಗಿರುತ್ತದೆ ಎಂಬುದನ್ನು ಮರೆಯಬಾರದು. ಎರಡನೆಯದು ಎಲ್ಲಿಂದ ಎಲ್ಲಿಗೆ ಎಷ್ಟು ಜನ ಹೋದರು ಎಂದು ಹೇಳುವ ಜನಗಣತಿಯ ಪ್ರವಾಹ ಕೋಷ್ಟಕ. ವರ್ಷಗಳು ಹೊಂದುವುದಿಲ್ಲವಾದ್ದರಿಂದ ಸಂಖ್ಯೆಗಳನ್ನು ಹೋಲಿಸದೆ, ದೂರ ಹೆಚ್ಚಿದಂತೆ ಪ್ರವಾಹ ತಗ್ಗುವ ಬಗೆ ಮತ್ತು ದೊಡ್ಡ ಪ್ರವಾಹಗಳ ಅನುಕ್ರಮ ಇವನ್ನು ಹೋಲಿಸುವುದು ನ್ಯಾಯ.

ತೂಕ ಕೊಡುವ ಕೆಲಸ ಇದರ ನಂತರದ್ದು. ಒಂದು ಬ್ಯಾಂಕಿನ ಗ್ರಾಹಕರು ಜನಸಂಖ್ಯೆಯ ಪ್ರತಿಬಿಂಬವಲ್ಲ; ವಯಸ್ಸು, ಲಿಂಗ, ಘಟಕ ಇವುಗಳ ಪ್ರಕಾರ ಜನಗಣತಿಯ ಪಾಲಿಗೆ ಹೊಂದುವಂತೆ ಪ್ರತಿ ಖಾತೆಗೆ ತೂಕ ಕೊಟ್ಟು ಇದನ್ನು ಒಂದು ಮಟ್ಟಿಗೆ ಸರಿಪಡಿಸಬಹುದು. ಖಾತೆಯೇ ಇಲ್ಲದವರನ್ನು, ಎಲ್ಲವನ್ನೂ ನಗದಿನಲ್ಲೇ ಮುಗಿಸುವವರನ್ನು ಯಾವ ತೂಕವೂ ತರಲಾರದು. ದಿನಗೂಲಿಗಾಗಿ ಊರೂರು ಅಲೆಯುವವರು ಈ ಕತ್ತಲಲ್ಲೇ ಉಳಿದುಬಿಡುವ ಸಂಭವ ಹೆಚ್ಚು. ಅಧ್ಯಯನದ ಶೀರ್ಷಿಕೆಯಲ್ಲಿ 'ಜನರ ವಲಸೆ' ಎಂದು ಬರೆಯುವ ಬದಲು 'ಖಾತೆದಾರರ ವಲಸೆ' ಎಂದು ಬರೆದರೆ ಅರ್ಧ ವಿವಾದ ಅಲ್ಲಿಗೇ ಮುಗಿಯುತ್ತದೆ.

ಖರ್ಚಿನಲ್ಲಿ ಆದ ಬದಲಾವಣೆಯನ್ನು ಅಳೆಯುವುದು

ಪ್ರತಿ ವಲಸಿಗರ ತಿಂಗಳುಗಳನ್ನು ಅವರು ಊರು ಬಿಟ್ಟ ತಿಂಗಳಿಂದ ಎಣಿಸಲು ಶುರುಮಾಡಿ. ಬಿಟ್ಟ ತಿಂಗಳು ಸೊನ್ನೆ, ಮುಂಚಿನವು ಋಣ, ನಂತರದವು ಧನ. ಋಣ ಆರರಿಂದ ಧನ ಹನ್ನೆರಡರವರೆಗಿನ ತಿಂಗಳುಗಳನ್ನು ಸಾಲಾಗಿಟ್ಟು ಸರಾಸರಿ ಖರ್ಚನ್ನು ನೋಡಿದರೆ ಸೊನ್ನೆಯ ಸುತ್ತ ಒಂದು ಗುಡ್ಡ ಎದ್ದಿರುತ್ತದೆ. ಅದು ಸಾಗಣೆ, ಮುಂಗಡ, ಪಾತ್ರೆ ಪಡಗ, ಮಂಚ, ಪರದೆಗಳ ಗುಡ್ಡ. ರೂಢಿ ಬದಲಾದದ್ದರ ಗುರುತಲ್ಲ. ಋಣ ಒಂದರಿಂದ ಧನ ಎರಡರವರೆಗಿನ ತಿಂಗಳುಗಳನ್ನು ಬೇರೆಯಾಗಿಟ್ಟು, ಗುಡ್ಡದ ಆಚೆಗಿನ ಸಮತಟ್ಟನ್ನು ಈಚೆಗಿನ ಸಮತಟ್ಟಿನ ಜೊತೆ ಹೋಲಿಸಬೇಕು.

ಯಾರ ಜೊತೆ ಹೋಲಿಸಬೇಕು ಎಂಬುದು ಮುಂದಿನ ಪ್ರಶ್ನೆ. ಎಂದೂ ಊರು ಬಿಡದವರು ಹಲವು ಬಗೆಯಲ್ಲಿ ಬೇರೆಯವರೇ. ವಯಸ್ಸಿನಲ್ಲಿ ಹಿರಿಯರು, ಆದಾಯದಲ್ಲಿ ಸ್ಥಿರರು. ಮುಂದೆ ಊರು ಬಿಡಲಿರುವ, ಆದರೆ ಇನ್ನೂ ಬಿಟ್ಟಿಲ್ಲದವರನ್ನು ಹೋಲಿಕೆಯ ಗುಂಪಾಗಿ ಇಟ್ಟುಕೊಳ್ಳುವುದು ಮೇಲು. ಎಲ್ಲರೂ ಒಂದೇ ತಿಂಗಳು ಹೊರಟಿರುವುದಿಲ್ಲವಾದ್ದರಿಂದ, ಖಾತೆಗೂ ತಿಂಗಳಿಗೂ ಒಂದೊಂದು ಸ್ಥಿರಾಂಕ ಹಾಕಿ ನಡೆಸುವ ಹಳೆಯ ಹಿಂಚಲನೆ (ರಿಗ್ರೆಶನ್) ಲೆಕ್ಕ ಈಗಾಗಲೇ ಹೊರಟವರನ್ನೂ ಹೋಲಿಕೆಗೆ ಎಳೆದುಕೊಂಡು ಫಲಿತಾಂಶವನ್ನು ವಾಲಿಸುತ್ತದೆ. ಕ್ಯಾಲವೇ ಮತ್ತು ಸಂತಾನ್ನಾ ಅವರದು, ಸುನ್ ಮತ್ತು ಅಬ್ರಹಾಂ ಅವರದು ಎಂಬ 2021ರ ಎರಡು ವಿಧಾನಗಳು ಈ ತೊಡಕನ್ನು ಬಿಡಿಸಲೆಂದೇ ಬಂದವು, ಮತ್ತು ಬಳಕೆಯಲ್ಲಿರುವ ಸಂಖ್ಯಾಶಾಸ್ತ್ರದ ತಂತ್ರಾಂಶಗಳಲ್ಲಿ ಸಿಗುತ್ತವೆ. ಋಣ ತಿಂಗಳುಗಳಲ್ಲಿ ಎರಡು ಗುಂಪುಗಳ ಗೆರೆಗಳು ಜೊತೆಜೊತೆಯಾಗಿ ನಡೆಯದಿದ್ದರೆ ಧನ ತಿಂಗಳುಗಳ ಅಂತರವನ್ನು ವಲಸೆಯ ಪರಿಣಾಮವೆಂದು ಕರೆಯಲಾಗದು. ಉದ್ಯೋಗ ಕಳೆದುಕೊಂಡೇ ಊರು ಬಿಟ್ಟವರಲ್ಲಿ ಖರ್ಚು ಕುಸಿಯುವುದು ವಲಸೆಗೆ ಮುಂಚೆಯೇ ಆರಂಭವಾಗಿರುತ್ತದೆ.

ಇನ್ನು ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸಿರುವ ವಿಷಯಕ್ಕೆ ಬರುತ್ತೇನೆ. ನಗದು ಹೆಚ್ಚು ಓಡಾಡುವ ಊರಿನಿಂದ ಕಾರ್ಡ್ ಹೆಚ್ಚು ಓಡಾಡುವ ಊರಿಗೆ ಹೋದವರ ದಿನಸಿ ಖರ್ಚು ದಾಖಲೆಯಲ್ಲಿ ದಿಢೀರನೆ ಏರುತ್ತದೆ. ಅವರು ಹೆಚ್ಚು ತಿನ್ನುತ್ತಿಲ್ಲ; ಮೊದಲು ಎಟಿಎಂನಿಂದ ತೆಗೆದ ನಗದಿನಲ್ಲಿ ಕೊಳ್ಳುತ್ತಿದ್ದದ್ದನ್ನು ಈಗ ಕಾರ್ಡಿನಲ್ಲಿ ಕೊಳ್ಳುತ್ತಿದ್ದಾರೆ. ಬದಲಾದದ್ದು ದಾಖಲೆಗೆ ಬೀಳುವ ಪಾಲು. ಇದನ್ನು ಪರೀಕ್ಷಿಸಲು 6011ರ ನಗದನ್ನು ಒಂದು ಖರ್ಚಿನ ವರ್ಗವಾಗಿಯೇ ಜೊತೆಗಿಟ್ಟುಕೊಳ್ಳಿ. ದಿನಸಿ ಏರಿದಷ್ಟೇ ನಗದು ಇಳಿದಿದ್ದರೆ ಖರ್ಚಿನ ರೂಢಿ ಬದಲಾಗಿಲ್ಲ, ಪಾವತಿಯ ರೂಢಿ ಬದಲಾಗಿದೆ. ಖಾತೆಯಿಂದ ಹೊರಹೋದ ಒಟ್ಟು ಹಣವನ್ನು ಒಳಬಂದ ಆದಾಯದ ಜೊತೆ ಹೋಲಿಸುವುದು ಎರಡನೆಯ ಪರೀಕ್ಷೆ. ಆದಾಯವೂ ಒಟ್ಟು ಹೊರಹರಿವೂ ನಿಂತಲ್ಲೇ ನಿಂತಿದ್ದು ವರ್ಗಗಳ ಪಾಲು ಮಾತ್ರ ಜಿಗಿದಿದ್ದರೆ ಸಂಶಯ ಪಡಿ. ಈ ಎರಡು ಪರೀಕ್ಷೆಗಳಿಲ್ಲದ ಫಲಿತಾಂಶವನ್ನು ನಾನು ಓದುವುದಕ್ಕೇ ಹೋಗುವುದಿಲ್ಲ.

ವರ್ಗೀಕರಣದಲ್ಲೂ ಒಂದು ಕೊರತೆಯಿದೆ. ಎಂಸಿಸಿ ಹೇಳುವುದು ಅಂಗಡಿಯ ಬಗೆಯನ್ನು, ಕೊಂಡ ವಸ್ತುವನ್ನಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಕೊಂಡ ಸಾಬೂನೂ ಬಕೆಟ್ಟೂ 5411ರಲ್ಲೇ ಸೇರುತ್ತವೆ. ಅಂತರರಾಷ್ಟ್ರೀಯವಾಗಿ ಹೋಲಿಸಬಹುದಾದ ಫಲಿತಾಂಶ ಬೇಕಿದ್ದರೆ ಈ ಸಂಕೇತಗಳನ್ನು ಖರ್ಚನ್ನು ಉದ್ದೇಶದ ಪ್ರಕಾರ ವಿಂಗಡಿಸುವ ವಿಶ್ವಸಂಸ್ಥೆಯ ಕೊಯ್ಕಾಪ್ ವರ್ಗೀಕರಣಕ್ಕೆ ಹೊಂದಿಸಬೇಕು. ಅದರ 2018ರ ಆವೃತ್ತಿಯಲ್ಲಿ ಆಹಾರ ಮೊದಲನೆಯ ವಿಭಾಗ, ವಸತಿ, ನೀರು ಮತ್ತು ಇಂಧನ ನಾಲ್ಕನೆಯದು, ಉಪಾಹಾರಗೃಹ ಮತ್ತು ವಸತಿಗೃಹಗಳ ಸೇವೆ ಹನ್ನೊಂದನೆಯದು. ಜರ್ಮನ್ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ಬೆಲ್ಜಿಯಂನ ಕಾರ್ಮಿಕ ಕುಟುಂಬಗಳ ಖರ್ಚಿನ ಪಟ್ಟಿಗಳಿಂದ, ಆದಾಯ ಹೆಚ್ಚಿದಂತೆ ಒಟ್ಟು ಖರ್ಚಿನಲ್ಲಿ ಆಹಾರದ ಪಾಲು ಇಳಿಯುತ್ತದೆ ಎಂದು ತೋರಿಸಿದ್ದರು. ವಲಸಿಗರ ಮೇಲೆ ಇದನ್ನು ಪರೀಕ್ಷಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ, ಆದರೆ ಒಂಟಿಯಾಗಿ ಬಂದು ಹೊರಗಡೆ ಊಟ ಮಾಡುವವರ ಆಹಾರದ ಖರ್ಚು ಮೊದಲನೆಯ ವಿಭಾಗದಿಂದ ಹನ್ನೊಂದನೆಯದಕ್ಕೆ ಜಾರಿರುತ್ತದೆ. ಎರಡನ್ನೂ ಕೂಡಿಸಿ ನೋಡದಿದ್ದರೆ, ಹೋಟೆಲಿನ ಮೇಜಿಗೆ ಹೋದ ಊಟವನ್ನು ಬಡತನ ನೀಗಿದ ಲಕ್ಷಣವೆಂದು ಓದಿಬಿಡುತ್ತೇವೆ.

ಮನೆ ಬಾಡಿಗೆ ಬಹಳ ಸಲ ಅಂಗಡಿಯ ಸಂಕೇತದಲ್ಲಿ ಬರುವುದೇ ಇಲ್ಲ. ಒಬ್ಬರಿಂದ ಇನ್ನೊಬ್ಬರ ಖಾತೆಗೆ ಹೋಗುವ ವರ್ಗಾವಣೆಯಾಗಿ ಬರುತ್ತದೆ. ತಿಂಗಳ ಆರಂಭದ ದಿನಗಳಲ್ಲಿ, ಒಂದೇ ಖಾತೆಗೆ, ಒಂದೇ ಮೊತ್ತ, ಕನಿಷ್ಠ ಮೂರು ತಿಂಗಳು ಹೋಗಿದ್ದರೆ ಅದನ್ನು ಬಾಡಿಗೆ ಎಂದು ಪರಿಗಣಿಸಬಹುದು. ಮೊತ್ತ ಏರಿಳಿಯುತ್ತ, ಬಿಟ್ಟುಬಂದ ಘಟಕದ ಖಾತೆಗೆ ಹೋಗುವ ವರ್ಗಾವಣೆ ಮನೆಯವರಿಗೆ ಕಳಿಸುವ ಹಣವಾಗಿರುವ ಸಾಧ್ಯತೆ ಹೆಚ್ಚು. ಇದನ್ನು ಖರ್ಚಿಗೆ ಸೇರಿಸಬೇಡಿ, ಎಸೆಯಲೂ ಬೇಡಿ. ವಲಸೆ ಹೋದವರು ಹಳೆಯ ಊರಿನ ಜೊತೆ ಉಳಿಸಿಕೊಂಡ ನಂಟಿನ ಅತ್ಯುತ್ತಮ ಅಳತೆ ಇದೇ. ಉಳಿದಂತೆ, ಎರಡು ಊರುಗಳ ಬೆಲೆಮಟ್ಟದ ವ್ಯತ್ಯಾಸವನ್ನು ಪ್ರಾದೇಶಿಕ ಬೆಲೆ ಸೂಚ್ಯಂಕದಿಂದ ಸರಿಪಡಿಸಿ, ಸರಾಸರಿಯ ಪಕ್ಕದಲ್ಲಿ ಮಧ್ಯಾಂಕವನ್ನೂ ಕೊಡಿ. ಖರ್ಚು ಸೊನ್ನೆಯಿರುವ ತಿಂಗಳುಗಳಿಗೆ ಒಂದನ್ನು ಕೂಡಿಸಿ ಲಾಗರಿತಮ್ ತೆಗೆಯುವ ಚಾಳಿ ಬಿಡುವುದು ಒಳ್ಳೆಯದು; ಮೊತ್ತವನ್ನು ಯಾವ ಏಕಮಾನದಲ್ಲಿ ಬರೆದಿದ್ದೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಗೋಪ್ಯತೆ ಮತ್ತು ಪ್ರಕಟಣೆ

ಹೆಸರು, ಖಾತೆ ಸಂಖ್ಯೆ ತೆಗೆದರೆ ದತ್ತಾಂಶ ಅನಾಮಿಕವಾಯಿತು ಎಂಬ ನಂಬಿಕೆ 2015ರಲ್ಲೇ ಮುರಿದುಬಿದ್ದಿದೆ. ಈವ್-ಅಲೆಕ್ಸಾಂಡರ್ ದ ಮೊಂಜ್ವಾ ಮತ್ತು ಸಂಗಡಿಗರು 11 ಲಕ್ಷ ಜನರ ಮೂರು ತಿಂಗಳ ಕ್ರೆಡಿಟ್ ಕಾರ್ಡ್ ದಾಖಲೆಗಳನ್ನು ಪರಿಶೀಲಿಸಿ, ಯಾವ ದಿನ ಯಾವ ಅಂಗಡಿ ಎಂಬ ನಾಲ್ಕೇ ಸಂಗತಿಗಳು ಗೊತ್ತಿದ್ದರೆ ಶೇಕಡಾ 90ರಷ್ಟು ಜನರನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದು ಎಂದು ತೋರಿಸಿದರು. ನಾವು ಇಲ್ಲಿ ಮಾಡುವ ಕೆಲಸ, ಅಂದರೆ ದಿನ ಮತ್ತು ಸ್ಥಳವನ್ನು ಹಿಡಿದು ಮನೆ ಹುಡುಕುವುದು, ಆ ಅಪಾಯದ ಕೆಲಸವೇ ಆಗಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಯುರೋಪಿನಲ್ಲಿ 2018ರ ಮೇ 25ರಿಂದ ಅನ್ವಯವಾಗುತ್ತಿರುವ ದತ್ತಾಂಶ ಸಂರಕ್ಷಣೆಯ ನಿಯಮಾವಳಿ ಜಿಡಿಪಿಆರ್, ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೀಗೆ ಆಯಾ ದೇಶದ ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲ ದಿನವೇ ಕಾನೂನು ತಿಳಿದವರ ಜೊತೆ ಕುಳಿತು ನೋಡಿಕೊಳ್ಳಿ. ದತ್ತಾಂಶವನ್ನು ನಿಮ್ಮ ಕಂಪ್ಯೂಟರಿಗೆ ತರಿಸಿಕೊಳ್ಳದೆ, ಸಂಸ್ಥೆಯೊಳಗಿನ ಮುಚ್ಚಿದ ವ್ಯವಸ್ಥೆಗೇ ನಿಮ್ಮ ಕ್ರಮವಿಧಿಯನ್ನು ಕಳಿಸಿ, ಹೊರಗೆ ಒಟ್ಟು ಅಂಕಿಗಳನ್ನು ಮಾತ್ರ ಪಡೆಯುವುದು ಸುರಕ್ಷಿತ. ವಾಸಸ್ಥಳ ಗುರುತಿಸಿದ ಕೂಡಲೇ ಅಂಗಡಿ ಮಟ್ಟದ ವಿವರವನ್ನು ಅಳಿಸಿ ಘಟಕದ ಹೆಸರನ್ನಷ್ಟೇ ಉಳಿಸಿಕೊಳ್ಳಿ.

ಘಟಕದಿಂದ ಘಟಕಕ್ಕೆ ಹೋದವರ ಕೋಷ್ಟಕದಲ್ಲಿ ಹೆಚ್ಚಿನ ಮನೆಗಳು, ಅಂದರೆ ಸಾಲೂ ಕಂಬವೂ ಸೇರುವ ಚೌಕಗಳು, ಖಾಲಿಯಾಗಿಯೋ ಒಂದೆರಡು ಜನರಿಂದಲೋ ತುಂಬಿರುತ್ತವೆ. ಹತ್ತಕ್ಕಿಂತ ಕಡಿಮೆ ಖಾತೆಗಳಿರುವ ಮನೆಯನ್ನು ಮುಚ್ಚಬೇಕು. ಹಾಗೆ ಮುಚ್ಚಿದಾಗ ಸಾಲಿನ ಮೊತ್ತದಿಂದ ಉಳಿದವನ್ನು ಕಳೆದು ಆ ಸಂಖ್ಯೆಯನ್ನು ಹೊರತೆಗೆಯಲು ಬಾರದಂತೆ ಅದೇ ಸಾಲಿನಲ್ಲೂ ಅದೇ ಕಂಬದಲ್ಲೂ ಇನ್ನೊಂದೊಂದು ಮನೆಯನ್ನು ಮುಚ್ಚಬೇಕಾಗುತ್ತದೆ. ಇದರ ಬದಲು ಪ್ರತಿ ಸಂಖ್ಯೆಗೂ ಅಳತೆ ಮಾಡಿದ ಅಲ್ಪ ಗದ್ದಲವನ್ನು, ಅಂದರೆ ಯಾದೃಚ್ಛಿಕ ಏರಿಳಿತವನ್ನು, ಬೆರೆಸುವ, 2006ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಸಹಚರರು ರೂಪಿಸಿದ ಡಿಫರೆನ್ಶಿಯಲ್ ಪ್ರೈವಸಿ ವಿಧಾನವನ್ನೂ ಅನುಸರಿಸಬಹುದು. ದೊಡ್ಡ ಪ್ರವಾಹಗಳಿಗೆ ಅದರಿಂದ ಏನೂ ತೊಂದರೆಯಿಲ್ಲ, ಸಣ್ಣವು ಮಸುಕಾಗುತ್ತವೆ, ಮಸುಕಾಗಬೇಕಾದವೂ ಅವೇ.

ಕೋಷ್ಟಕ ಹೊರಬೀಳುವ ಮುಂಚೆ ಅವಧಿಯ ಎರಡು ಅಂಚುಗಳನ್ನು ಮತ್ತೊಮ್ಮೆ ನೋಡಿ. ತೊಂಬತ್ತು ದಿನ ನೆಲೆ ನಿಂತಿರಬೇಕೆಂಬ ಷರತ್ತು ಇರುವಾಗ ಕೊನೆಯ ತೊಂಬತ್ತು ದಿನಗಳಲ್ಲಿ ಊರು ಬಿಟ್ಟ ಯಾರೂ ವಲಸಿಗರೆಂದು ಎಣಿಕೆಯಾಗಿರುವುದಿಲ್ಲ, ಮೊದಲ ತೊಂಬತ್ತು ದಿನಗಳದ್ದೂ ಹಾಗೆಯೇ. ನಕ್ಷೆಯಲ್ಲಿ ಇದು ವಲಸೆ ಥಟ್ಟನೆ ನಿಂತುಹೋದಂತೆ ಕಾಣುತ್ತದೆ, ಮತ್ತು ಅವಸರದ ಓದುಗರು ಅದಕ್ಕೊಂದು ಕಾರಣವನ್ನೂ ಕಟ್ಟಿಬಿಡುತ್ತಾರೆ. ಆ ತಿಂಗಳುಗಳನ್ನು ನಕ್ಷೆಯಿಂದ ತೆಗೆದುಬಿಡಿ, ಇಲ್ಲವೇ ಬೂದು ಬಣ್ಣದಲ್ಲಿಟ್ಟು 'ಎಣಿಕೆ ಪೂರ್ಣವಾಗಿಲ್ಲ' ಎಂದು ಅದರ ಮೇಲೆಯೇ ಬರೆಯಿರಿ.